ಗಣಿಯೊಳಗಿನ ಬಡಿತ

ಸಾಕ್ಷ್ಯಚಿತ್ರಗಳಿಗೆ ಸದ್ದು ಕೂಡಿಸುವುದು ನನ್ನ ಕೆಲಸ. ಟಿವಿಯಲ್ಲಿ ಆನೆ ನಡೆದರೆ ಆ ಹೆಜ್ಜೆ ನನ್ನ ಹಳೇ ದಿಂಬಿನದು. ಹದ್ದು ರೆಕ್ಕೆ ಬಡಿದರೆ ಅದು ಒಂದು ಜೊತೆ ಚರ್ಮದ ಕೈಗವಸು. ಸಂಗೀತಗಾರರ ಚಿತ್ರಕ್ಕೆ ಮಾತ್ರ ನನ್ನನ್ನು ಹತ್ತಿರ ಸೇರಿಸುವುದಿಲ್ಲ, ಅವರಿಗೆ ಅವರದೇ ಸದ್ದು ಇರುತ್ತದೆ. ಇದೆಲ್ಲ ಸುಳ್ಳು ಅಲ್ಲವೇ ಎಂದು ಯಾರಾದರೂ ಕೇಳಿದರೆ ನನಗೆ ಮೂಗಿನ ತುದಿಯಲ್ಲೇ ಕೋಪ.

ಕಳೆದ ಭಾನುವಾರ ಪ್ರಸಾರವಾದದ್ದು ಒಂದು ಗಣಿಯ ಇತಿಹಾಸ. ಅದರಲ್ಲಿ ಸುರಂಗ ಕುಸಿದ ದಿನದ ಹಳೇ ರೀಲು ಎರಡು ನಿಮಿಷ ಬರುತ್ತದೆ: ಮಣ್ಣಿನಿಂದ ಮುಚ್ಚಿಹೋದ ಸುರಂಗದ ಬಾಯಿ, ಹೊರಗೆ ನಿಂತ ಹೆಂಗಸರು. ಅದು ಮೂಕಿ ರೀಲು, ಬರೀ ಚಿತ್ರ, ಸದ್ದೇ ಇಲ್ಲ. ನೋಡಿದರೆ ಬಿಕೋ ಅನ್ನುತ್ತಿತ್ತು. ಗಾಳಿ ಹಾಕಿದೆ, ಸಲಿಕೆಯ ಸದ್ದು ಹಾಕಿದೆ. ಕೈ ಸುಮ್ಮನಿರಬೇಕಲ್ಲ, ಕಬ್ಬಿಣದ ಪೈಪಿಗೆ ಸ್ಪ್ಯಾನರಿನಿಂದ ಬಡಿದು, ಒಳಗಿನಿಂದ ಯಾರೋ ಬಡಿಯುತ್ತಿರುವ ಹಾಗೆ ಮಂದವಾಗಿ ಸೇರಿಸಿಬಿಟ್ಟೆ. ನಿರ್ದೇಶಕರು ಭೇಷ್ ಅಂದರು.

ಬುಧವಾರ ಬೆಳಿಗ್ಗೆ ಸ್ಟುಡಿಯೋಗೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು. ಕೂರಲು ಹೇಳಿದರೂ ಕೂರಲಿಲ್ಲ.

“ಆ ಗಣೀಲಿ ಸತ್ತೋರಲ್ಲಿ ನಮ್ಮಪ್ಪನೂ ಒಬ್ರು,” ಅಂದಳು. “ಕುಸಿದ ಕೂಡ್ಲೇ ಎಲ್ರೂ ಹೋಗ್ಬಿಟ್ರು, ನೋವೇ ಆಗಿಲ್ಲ ಅಂತ ಅವತ್ತು ಹೇಳಿದ್ರು. ನಲವತ್ತಾರು ವರ್ಷ ಅಮ್ಮ ಅದನ್ನೇ ನಂಬ್ಕೊಂಡು ಬದುಕಿದಾಳೆ. ಈಗ ಟಿವೀಲಿ ಬಡಿಯೋ ಸದ್ದು ಕೇಳಿದಾಳೆ. ಮೂರು ದಿನದಿಂದ ಕಣ್ಣು ಮುಚ್ಚಿಲ್ಲ. ಅವರು ಒಳಗೆ ಬದುಕಿದ್ರಾ ಸರ್?”

ಪಕ್ಕದಲ್ಲಿದ್ದ ನಿರ್ದೇಶಕರು “ವಿಚಾರಿಸಿ ತಿಳಿಸ್ತೀವಿ” ಎಂದು ರಾಗ ಎಳೆದರು. ನನಗೆ ಮೈ ಉರಿಯಿತು, ಅವರ ಮೇಲಲ್ಲ, ನನ್ನ ಮೇಲೇ.

“ಅದು ನಾನು ಬಡಿದಿದ್ದು,” ಅಂದೆ. “ಈ ಕೋಣೇಲೇ. ಆ ರೀಲಲ್ಲಿ ಸದ್ದೇ ಇರ್ಲಿಲ್ಲ.”

ಅವಳು ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದಳು. “ನಾನು ಹೇಳಿದ್ರೆ ಅಮ್ಮ ಸಮಾಧಾನಕ್ಕೆ ಹೇಳ್ತೀಯ ಅಂತಾಳೆ. ನೀವೇ ಬಂದು ಹೇಳಿ.”

ಮಾಡಿದ್ದುಣ್ಣೋ ಮಹಾರಾಯ. ಪೈಪು, ಸ್ಪ್ಯಾನರು ಚೀಲಕ್ಕೆ ತುರುಕಿಕೊಂಡು ಹೊರಟೆ.

ಎರಡನೇ ಮಹಡಿಯ ಮನೆ. ಮುದುಕಿ ಮಂಚದ ಅಂಚಿನಲ್ಲಿ ಕೂತಿದ್ದಳು, ಕಣ್ಣು ಕೆಂಪಗೆ ಊದಿದ್ದವು. ಬಡಿತ ನಾನು ಸೇರಿಸಿದ್ದೆಂದು ಹೇಳಿ, ಪೈಪಿಗೆ ಬಡಿದು ತೋರಿಸಿದೆ. ಮೊದಲ ಏಟಿಗೇ ಆಕೆ ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕನೆಯದಕ್ಕೆ ಸಾಕು ಎಂದು ಕೈ ಎತ್ತಿದಳು.

“ಅದೇ ಸದ್ದು,” ಅಂದಳು. “ನೀನೇ ಕಣಪ್ಪ. ಯಾಕೆ ಹಾಗ್ ಮಾಡ್ದೆ?”

“ಖಾಲಿ ಅನ್ನಿಸ್ತು ಅಮ್ಮ. ತಪ್ಪಾಯ್ತು.”

ಬೀಸೋ ದೊಣ್ಣೆ ತಪ್ಪಿತು ಅಂದುಕೊಂಡೆ. ಪೈಪನ್ನು ಚೀಲಕ್ಕೆ ಹಾಕುತ್ತಿದ್ದಾಗ ಆಕೆ ಮತ್ತೆ ಬಾಯಿ ತೆರೆದಳು.

“ನಿನ್ನ ಸದ್ದು ತೆಗೆದ್ರೆ ಅದ್ರಲ್ಲಿ ಏನ್ ಕೇಳ್ಸತ್ತೆ?”

“ಏನೂ ಇಲ್ಲಮ್ಮ.”

“ಒಳಗಿಂದ ಯಾರಾದ್ರೂ ನಿಜವಾಗ್ಲೂ ಬಡಿದಿದ್ರೆ ಅದ್ರಲ್ಲಿ ಕೇಳಿಸ್ತಿತ್ತಾ? ನಾನು ಅಲ್ಲೇ ನಿಂತಿದ್ದೆ. ಆ ಗಲಾಟೇಲಿ ನಂಗೇನೂ ಕೇಳಿಸ್ಲಿಲ್ಲ. ಯಾರೂ ಉಳಿದಿಲ್ಲ, ನಡೀರಿ ಅಂದ್ರು. ಇವಳನ್ನ ಎತ್ಕೊಂಡು ಬಂದ್ಬಿಟ್ಟೆ.”

ಮೂಕಿ ರೀಲಿನಲ್ಲಿ ಬೆಟ್ಟವೇ ಉರುಳಿದರೂ ಕೇಳಿಸುವುದಿಲ್ಲ. ಅದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ನನಗೆ ಮತ್ತು ಮಗಳಿಗೆ. ಅವಳತ್ತ ನೋಡಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

“ಕೇಳಿಸ್ತಿತ್ತಮ್ಮ,” ಅಂದೆ. “ಸೂಜಿ ಬಿದ್ರೂ ಹಿಡಿಯೋ ಮೈಕು ಅದು. ಒಳಗಿಂದ ಏನೂ ಬಂದಿಲ್ಲ. ನಾನೇ ಕಿವಿಗೊಟ್ಟು ಕೇಳಿದೀನಿ.”

ಮುದುಕಿ ತಲೆಯಾಡಿಸಿದಳು. ಮೆಲ್ಲಗೆ ಗೋಡೆಯ ಕಡೆ ಮಗ್ಗುಲಾಗಿ ಮಲಗಿದಳು. ನಾವಿಬ್ಬರೂ ನಿಂತಲ್ಲೇ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಆಕೆಗೆ ನಿದ್ದೆ ಹತ್ತಿ ಉಸಿರು ನಿಧಾನವಾಯಿತು.

ಮಗಳು ನನ್ನನ್ನು ಬಾಗಿಲವರೆಗೆ ಬಿಡಲು ಬಂದಳು. ಬಯ್ಯುತ್ತಾಳೋ, ಕೈ ಮುಗಿಯುತ್ತಾಳೋ ತಿಳಿಯದೆ ನಾನು ಚಪ್ಪಲಿ ಹುಡುಕಿದೆ.

“ಬೆಳಿಗ್ಗೆ ನೀವು ನಂಗೂ ಹಾಗೇ ಹೇಳ್ಬಹುದಿತ್ತು,” ಅಂದಳು.