ಹೊರವಲಯದ ಶಿಶುವಿಹಾರ

ನಮ್ಮ ಬೀದಿಯಲ್ಲಿ ಒಳ್ಳೇದಾದರೆ ಪೇಪರಿನವರು ‘ನಗರದಲ್ಲಿ’ ಅಂತ ಬರೀತಾರೆ, ಕೆಟ್ಟದಾದರೆ ‘ನಗರದ ಹೊರವಲಯದಲ್ಲಿ’ ಅಂತ. ಎದುರುಮನೆ ಹುಡುಗಿ ಈಜಿನಲ್ಲಿ ಪದಕ ತಂದಾಗ ನಾವು ನಗರ. ಮೊನ್ನೆ ಯಾರೋ ಲಾರಿಯ ಬ್ಯಾಟರಿ ಕದ್ದರು ನೋಡಿ, ಬೆಳಗಾಗೋದರೊಳಗೆ ಹೊರವಲಯ ಆಗಿಬಿಟ್ಟೆವು! ಸಾಲದ್ದಕ್ಕೆ ‘ನಿರ್ಜನ ಪ್ರದೇಶ’ ಅಂತ ಬೇರೆ. ಇಲ್ಲಿ ಸೈಕಲ್ ನಿಲ್ಲಿಸೋಕೆ ಜಾಗ ಇಲ್ಲ, ನಿರ್ಜನವಂತೆ!

ನಗುವ ವಿಷಯ ಅಲ್ಲ. ನಮ್ಮ ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಸೊಸೆ ಶಿಶುವಿಹಾರ ನಡೆಸ್ತಾಳೆ. ಆ ಸುದ್ದಿ ಓದಿ ಅರ್ಧಕ್ಕರ್ಧ ಜನ ಮಕ್ಕಳನ್ನ ಬಿಡಿಸಿಕೊಂಡು ಹೋದರು. ಉಳಿದವರೂ ಹೋದರೆ ಬಾಗಿಲು ಮುಚ್ಚೋದೇ ಗತಿ. ಅವಳ ಸಪ್ಪೆ ಮುಖ ನೋಡಿ ನನಗೆ ಹೊಟ್ಟೆ ಉರಿದುಹೋಯ್ತು. ಹೊಲಿಯುತ್ತಿದ್ದ ಹಾಸಿಗೆಗೇ ಸೂಜಿ ಚುಚ್ಚಿಟ್ಟು ನೇರ ಪೇಪರ್ ಆಫೀಸಿಗೆ ಹೋದೆ.

ಸುದ್ದಿ ಬರೆದವನು ಕನ್ನಡಕ ಹಣೆಗೇರಿಸಿ ಕೂತಿದ್ದ. ಸೊಸೆಯ ಕಥೆಯೆಲ್ಲ ಹೇಳಿದೆ.

“ಅಮ್ಮಾ, ಅದು ರೂಢಿ. ಕಳ್ಳತನ ಅಂದ ಕೂಡಲೇ ಕೈ ತಾನಾಗೇ ಹೊರವಲಯ ಅಂತ ಬರೆದುಬಿಡುತ್ತೆ,” ಅಂದ.

“ಕೈಗೆ ಬುದ್ಧಿ ಇಲ್ಲ ಸರಿ, ತಲೆಗೂ ಇಲ್ವೇನಪ್ಪಾ? ಈ ಹೊರವಲಯ ಎಲ್ಲಿಂದ ಶುರು?”

“ಅದು... ಊರು ಮುಗಿದ ಮೇಲೆ.”

“ನಿನ್ನ ಮನೆ ಎಲ್ಲಿ?”

“ನೀರಿನ ಟ್ಯಾಂಕಿನ ಹಿಂದೆ.”

“ಅಯ್ಯೋ ನಿನ್ನ! ಅದು ನಮ್ಮ ಬೀದಿ ದಾಟಿ ಇನ್ನೂ ಆಚೆಗೆ! ಹಾಗಾದರೆ ದಿನಾ ಊರು ಬಿಟ್ಟು ಮನೆಗೆ ಹೋಗ್ತೀಯಾ?”

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ.

“ನನ್ನ ಮಗಳೂ ನಿಮ್ಮಲ್ಲಿಗೇ ಬರ್ತಿದ್ದಳಮ್ಮಾ. ಬಿಡೋದು, ಕರಕೊಂಡು ಬರೋದು ಎಲ್ಲ ಅವಳಮ್ಮನೇ. ಪೇಪರ್ ಓದಿ, ‘ಆ ಜಾಗ ಸರಿಯಿಲ್ಲವಂತೆ, ಇನ್ನು ಕಳಿಸಲ್ಲ’ ಅಂದಳು. ನಾನೂ ಹೂಂ ಅಂದೆ.”

“ಯಾವ ಮಗು?”

“ಚಿನಕುರುಳಿ ಅಂತ ಕರೀತೀವಿ.”

ನನ್ನ ಸಿಟ್ಟು ಜರ್ರನೆ ಇಳಿಯಿತು. ಚಿನಕುರುಳಿ! ನನ್ನ ಮಡಿಲಲ್ಲೇ ನಿದ್ದೆ ಹೋಗುತ್ತಿದ್ದ ಕೂಸು.

“ಬರೆದವನೂ ನೀನೇ, ನಂಬಿದವನೂ ನೀನೇ. ಚೆನ್ನಾಗಿದೆ ಕಣಪ್ಪಾ,” ಅಂದು ಎದ್ದು ಬಂದೆ.

ಮರುದಿನ ಬೆಳಗ್ಗೆ ಅವನೇ ಮಗಳನ್ನ ಹೆಗಲ ಮೇಲೆ ಕೂರಿಸಿಕೊಂಡು ನಡುಬೀದಿಯಲ್ಲಿ ನಡೆದು ಬಂದ, ಎಲ್ಲರೂ ನೋಡಲಿ ಅಂತಲೇ. “ಪೇಪರಿನವನೇ ಕರಕೊಂಡು ಬಂದನಲ್ಲೇ!” ಅಂತ ಬಾಗಿಲು ಬಾಗಿಲಲ್ಲೂ ಗುಸುಗುಸು. ಚಿನಕುರುಳಿ ಚಪ್ಪಲಿಯನ್ನೂ ಬಿಡದೆ ಒಳಗೋಡಿ ಸೊಸೆಯ ಕುತ್ತಿಗೆಗೆ ಜೋತುಬಿದ್ದಳು. ಸೊಸೆ ಅತ್ತೇಬಿಟ್ಟಳು.

ಅಷ್ಟರಲ್ಲಿ ಮೊನ್ನೆ ಮಗನನ್ನ ಬಿಡಿಸಿಕೊಂಡು ಹೋದವಳೊಬ್ಬಳು ಆ ಹುಡುಗನ ಕೈ ಹಿಡಿದು ಬಂದು ಹೊಸ್ತಿಲಾಚೆ ನಿಂತಳು. “ಇನ್ನೂ ಸೇರಿಸ್ಕೋತೀರಾ?” ಅಂದಳು. ಸೊಸೆ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಬಾ ತಾಯಿ, ಒಳಗೆ ಬಾ,” ಅಂದೆ ನಾನೇ.