ಹಸಿರು ಟೈಲ್ಸ್ ಆರಿಸಿದ ಕೈ

ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಇವಳ ಕಣ್ಣಿಗೆ ಚುಚ್ಚುತ್ತಿದ್ದದ್ದು ನಡುಮನೆಯ ಅಗ್ಗಿಷ್ಟಿಕೆಯ ಸುತ್ತಲಿನ ಬೋಳು ಸಿಮೆಂಟು. ಉಳಿದ ಮನೆಯೆಲ್ಲ ಹೊಸ ಕಾಲದ್ದು. ಗೋಡೆಯುದ್ದಕ್ಕೂ ಗಾಜು, ಸದ್ದಿಲ್ಲದೆ ಸರಿಯುವ ಬಾಗಿಲು, ಗುಂಡಿ ಒತ್ತಿದರೆ ಹೊತ್ತಿಕೊಳ್ಳುವ ಬೆಂಕಿ. ಆ ಬೆಂಕಿಯ ಸುತ್ತ ಮಾತ್ರ ಗಾರೆಯವನ ಕರಣೆ ಎಳೆದ ಗೀರುಗಳು ಹಾಗೇ ಒಣಗಿ ನಿಂತಿದ್ದವು. ಗಂಡನನ್ನು ಕೇಳಿದರೆ "ಮಾಡಿಸೋಣ ಬಿಡು" ಎಂದು ಮಾತು ಹಾರಿಸುತ್ತಿದ್ದ. ಅತ್ತೆಯಂತೂ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದರು.

ಅವನಿಗೆ ಇದು ಎರಡನೆಯ ಮದುವೆ. ಮೊದಲ ಹೆಂಡತಿ ಮನೆ ಕಟ್ಟುವಾಗಲೇ ಹಾಸಿಗೆ ಹಿಡಿದು, ಅದು ಮುಗಿಯುವ ಮುಂಚೆ ತೀರಿಕೊಂಡಿದ್ದಳು. ಇವಳಿಗೆ ಗೊತ್ತಿದ್ದದ್ದು ಅಷ್ಟೇ. ಸತ್ತವರ ಸುದ್ದಿ ಕೆದಕುವುದು ಇವಳ ಜಾಯಮಾನವಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ ಕನ್ನಡಿ ಹಿಡಿಯುವುದೇ ದಿನವಿಡೀ. ಯಾವ ಮುಖಕ್ಕೆ ಯಾವ ಬಣ್ಣ ಎಂದು ಇವಳು ಹೇಳಿಬಿಟ್ಟರೆ ಅಲ್ಲಿಗೆ ಮುಗಿಯಿತು, ಗಿರಾಕಿಗಳು ಎರಡನೇ ಮಾತಾಡುತ್ತಿರಲಿಲ್ಲ.

ಚಳಿ ಶುರುವಾದಾಗ ಹಟ ಹಿಡಿದು ಒಬ್ಬಳೇ ಟೈಲ್ಸ್ ಅಂಗಡಿಗೆ ಹೋದಳು. ಸಾಲುಸಾಲಾಗಿ ನಿಲ್ಲಿಸಿದ್ದ ಮಾದರಿಗಳ ನಡುವೆ ಅಡ್ಡಾಡುತ್ತಾ ಹೋದವಳು ಒಂದು ಕಡುಹಸಿರು ಟೈಲ್ಸಿನ ಮುಂದೆ ಗಕ್ಕನೆ ನಿಂತಳು. ಹಳೇ ಬಾವಿಯ ನೀರಿನಂಥ ಬಣ್ಣ. ಮೆರುಗು ಒಂದು ಕಡೆ ದಟ್ಟ, ಒಂದು ಕಡೆ ತೆಳು. ಎಂದೋ ಕಳೆದುಕೊಂಡದ್ದು ಕೈಗೆ ಸಿಕ್ಕಿದಂತೆ ಎದೆ ತುಂಬಿ ಬಂತು. ಬೇರೇನನ್ನೂ ನೋಡದೆ ಮಾದರಿಯನ್ನು ಚೀಲಕ್ಕೆ ಹಾಕಿಕೊಂಡು ಬಂದಳು.

ಅದನ್ನು ಕಂಡ ಗಂಡ ನಿಂತಲ್ಲೇ ಬೆಳ್ಳಗಾದ.

"ಇದನ್ನ ತರೋಕೆ ನಿನಗೆ ಯಾರು ಹೇಳಿದ್ರು?"

"ಯಾರು ಹೇಳಬೇಕು? ನನಗೇ ಹಿಡಿಸ್ತು."

ಅವನು ಏಣಿ ಹಾಕಿ ಅಟ್ಟದಿಂದ ಬಟ್ಟೆ ಸುತ್ತಿದ ಗಂಟೊಂದನ್ನು ಇಳಿಸಿದ. ಒಳಗೆ ಅದೇ ಹಸಿರು, ಅದೇ ಮೆರುಗಿನ ಒಂದು ಟೈಲ್ಸ್. ಮೊದಲ ಹೆಂಡತಿ ಅಂಗಡಿ ಅಂಗಡಿ ಅಲೆದು ಆರಿಸಿದ್ದು. ಮಾಲು ಬರುವಷ್ಟರಲ್ಲಿ ಅವಳೇ ಇರಲಿಲ್ಲ. ಇವನು ಈ ಮಾದರಿಯೊಂದನ್ನು ಉಳಿಸಿಕೊಂಡು, ಮಾಲನ್ನು ಬೇಡವೆಂದು ಹಿಂದಕ್ಕೆ ಕಳಿಸಿದ್ದ.

"ಹಾಗಾದ್ರೆ ಇದನ್ನೇ ಹಾಕಿಸೋಣ ಕಣೇ," ಎಂದ. ಅವನ ಕಣ್ಣಲ್ಲಿ ಒಂದು ಬೆಳಕು ಬಂದಿತ್ತು. ಮದುವೆಯಾದ ಮೇಲೆ ಇವಳು ಒಮ್ಮೆಯೂ ಕಾಣದ ಬೆಳಕು. ಇವಳು ಮಾದರಿಯನ್ನು ಮತ್ತೆ ಚೀಲಕ್ಕೆ ತುರುಕಿದಳು.

"ಬೇಡ. ಬೇರೆ ತರ್ತೀನಿ," ಎಂದಳು.

ಮಾರನೆಯ ದಿನ ಹಸಿರನ್ನು ಹಿಂದಕ್ಕೆ ಕೊಟ್ಟು, ಒಣಹುಲ್ಲಿನ ಬಣ್ಣದ್ದೊಂದನ್ನು ಆರಿಸಿಕೊಂಡಳು. ಮನೆಗೆ ಬಂದು ಚೀಲ ಬಿಚ್ಚಿದರೆ ಒಳಗೆ ಹಸಿರು.

ಅಂಗಡಿಯವಳಿಗೆ ಫೋನು ಮಾಡಿ ಜೋರು ಮಾಡಿದಳು. ಅತ್ತಲಿಂದ ಅಂಗಡಿಯವಳು ಮೆಲ್ಲಗೆ ಹೇಳಿದಳು: "ಮೇಡಂ, ಹುಲ್ಲಿನ ಬಣ್ಣದ್ದೇ ಇರಲಿ ಅಂತ ಬಾಯಲ್ಲಿ ಹೇಳ್ತಾನೇ ನೀವು ಹಸಿರನ್ನ ಎತ್ತಿ ಚೀಲಕ್ಕೆ ಹಾಕ್ಕೊಂಡ್ರಿ. ಮನಸ್ಸು ಬದಲಾಯ್ತೇನೋ ಅಂತ ನಾನು ಸುಮ್ಮನಾದೆ."

ಪಕ್ಕದಲ್ಲೇ ಕುಳಿತಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. "ನಾಳೆ ನಾನೂ ಬರ್ತೀನಿ," ಎಂದರು. ಮಂಡಿನೋವೆಂದು ಅಂಗಳಕ್ಕೂ ಇಳಿಯದಿದ್ದ ಹೆಂಗಸು!

ಅಂಗಡಿಯಲ್ಲಿ ಅತ್ತೆ ಸೊಸೆಯ ಮುಖ ನೋಡಲಿಲ್ಲ, ಕೈ ನೋಡುತ್ತಾ ಬಂದರು. ಒಣಹುಲ್ಲಿನ ಬಣ್ಣದ ಮುಂದೆ ನಿಂತು ಇವಳು "ಇದೇ" ಎಂದಳು. ಆ ಹೊತ್ತಿಗೆ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿ, ಹಸಿರಿನ ಅಂಚಿನ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತಿತ್ತು.

ಅತ್ತೆ ಆ ಕೈಯನ್ನು ಗಪ್ಪನೆ ಹಿಡಿದರು. "ನೀನು ಬಲಗೈಯವಳು," ಎಂದರು. "ಅವಳದ್ದು ಎಡಗೈ."

ಇವಳು ಬಗ್ಗಿ ನೋಡಿಕೊಂಡಳು. ತನ್ನದೇ ಉಂಗುರ, ತನ್ನದೇ ಉಗುರು. ಆದರೆ ಬೆರಳು ಮಡಿಸಬೇಕೆಂದುಕೊಂಡರೆ ಮಡಿಸಲಾಗಲಿಲ್ಲ. ಟೈಲ್ಸಿನ ಪೆಟ್ಟಿಗೆಯ ಮೇಲೆ ಕುಕ್ಕರಿಸಿದಳು.

"ಅತ್ತೆ, ನನಗೆ ಭಯ ಆಗ್ತಿದೆ."

"ಈ ಕೈನ ನಾನು ನೋಡ್ಕೊಳ್ತೀನಿ. ನೀನು ಏಳು, ನಿನಗೆ ಬೇಕಾದ್ದು ಆರಿಸು."

ಸಂತೆಯಲ್ಲಿ ಮಗುವನ್ನು ಹಿಡಿದುಕೊಂಡವರಂತೆ ಅತ್ತೆ ಆ ಕೈ ಹಿಡಿದೇ ನಡೆದರು. ಕೈ ಹಸಿರಿನ ಕಡೆಗೆ ಜಗ್ಗಿತು. ಮುದುಕಿ ಬಿಡಲಿಲ್ಲ. ಆಮೇಲೆ ಜಗ್ಗುವುದು ನಿಂತು, ಬೆರಳುಗಳು ಅತ್ತೆಯ ಅಂಗೈಯನ್ನು ಒತ್ತಿದವು. ಬಿಟ್ಟು ಬಿಟ್ಟು, ಮೆತ್ತಗೆ. ಅತ್ತೆಯ ಕಣ್ಣಲ್ಲಿ ನೀರು ಧಾರೆಗಟ್ಟಿತು.

"ಆಸ್ಪತ್ರೇಲಿ ಮಾತು ನಿಂತ ಮೇಲೆ ಹೀಗೇ ಒತ್ತುತ್ತಿದ್ಲು," ಎಂದರು. ಬಳಿಕ ಆ ಕೈಯತ್ತ ಬಗ್ಗಿ, ಇವಳೊಂದಿಗೆ ಎಂದೂ ಆಡದ ದನಿಯಲ್ಲಿ, "ಸಾಕು ಮಗಳೇ. ನಿನ್ನ ಆಸೆ ನಮಗೆ ಗೊತ್ತು. ಪಾಪ, ಇವಳೂ ಬದುಕಬೇಕಲ್ಲ. ಬಿಟ್ಟುಬಿಡು," ಎಂದರು.

ಅಂಗಡಿಯವಳು ದೂರದಲ್ಲಿ ಬಾಯಿ ತೆರೆದು ನಿಂತಿದ್ದಳು. ಕೈ ಇನ್ನೊಮ್ಮೆ ಒತ್ತಿತು. ಆಮೇಲೆ ಸಡಿಲಾಯಿತು. ಜೋಮು ಬಿಟ್ಟಂತೆ ಮುಳ್ಳುಮುಳ್ಳಾಗಿ, ಬೆರಳುಗಳು ಒಂದೊಂದೇ ಇವಳ ವಶಕ್ಕೆ ಬಂದವು.

ಇವಳು ಹಸಿರು ಟೈಲ್ಸಿನ ಮುಂದೆ ಹೋಗಿ ನಿಂತಳು. ಎದೆ ತುಂಬಲಿಲ್ಲ. ಪಾಚಿ ಹಿಡಿದಂಥ ಒಂದು ಮಂಕು ಬಣ್ಣ, ಅಷ್ಟೇ. ಇದನ್ನು ಕಂಡೇ ಮೈಮರೆತೆನೇ? ಆ ಮೆಚ್ಚುಗೆಯಲ್ಲಿ ತನ್ನದೆಂಬುದು ಎಳ್ಳಷ್ಟೂ ಇರಲಿಲ್ಲ.

ಒಣಹುಲ್ಲಿನ ಬಣ್ಣದ್ದನ್ನು ಬಲಗೈಯಲ್ಲಿ ಎತ್ತಿಕೊಂಡು ಹೊರಬಿದ್ದಳು. ದಾರಿಯುದ್ದಕ್ಕೂ ಒಂದೇ ಯೋಚನೆ ಕೊರೆಯುತ್ತಿತ್ತು. ಟೈಲ್ಸಿನ ಮೇಲಿನ ಆಸೆ ತನ್ನದಲ್ಲವೆಂದ ಮೇಲೆ, ಆ ಮನುಷ್ಯನ ಮೇಲಿನದು? ಅವನು ಕನ್ನಡಕ ಕೊಳ್ಳಲು ಬಂದ ದಿನವೂ ಹೀಗೇ ಗಕ್ಕನೆ ನಿಂತಿದ್ದಳಲ್ಲ. ಅಂದೂ ಎದೆ ಹೀಗೇ ತುಂಬಿತ್ತಲ್ಲ.

ಮನೆ ಹತ್ತಿರವಾದಂತೆ ಹೆಜ್ಜೆ ನಿಧಾನವಾಯಿತು.

ಬಾಗಿಲು ತೆಗೆದವನು ಅವನೇ. "ಯಾವುದು ತಂದ್ರಿ?"

"ತಾಳಿ, ಸ್ವಲ್ಪ ನೋಡ್ತೀನಿ," ಎಂದು ಇವಳು ಹೊಸ್ತಿಲಲ್ಲೇ ನಿಂತು ಅವನ ಮುಖ ನೋಡಿದಳು. ಕಿವಿಯ ಮೇಲಿನ ನರೆ, ಸೊಟ್ಟಗೆ ಹಾಕಿದ ಗುಂಡಿ, ಹಿಂದೆ ನಡುದಾರಿಯಲ್ಲಿ ಬಿಚ್ಚಿ ಬಿಸಾಕಿದ ಚಪ್ಪಲಿ. ಎದೆ ಖಾಲಿಯಾಗಿತ್ತು. ಅವನು ಗಾಬರಿಯಾಗಿ ಕನ್ನಡಕ ತೆಗೆದು ಅಂಗಿಗೆ ಒರೆಸತೊಡಗಿದ.

"ಗೀರು ಬೀಳುತ್ತೆ, ಎಷ್ಟು ಸಲ ಹೇಳಬೇಕು ನಿಮಗೆ?" ಎಂದು ಇವಳು ಅದನ್ನು ಕಿತ್ತುಕೊಂಡಳು. ಕಿತ್ತುಕೊಂಡದ್ದು ಬಲಗೈ. ಸಿಟ್ಟು ಖಂಡಿತ ತನ್ನದೇ. ಅದರ ಬೆನ್ನಿಗೇ ಅಕ್ಕರೆಯಂಥದೇನೋ ಒಂದು ಸಣ್ಣಗೆ, ತಡವರಿಸುತ್ತಾ, ಕುಂದುಕೊರತೆಯನ್ನೆಲ್ಲ ಲೆಕ್ಕಕ್ಕಿಟ್ಟುಕೊಂಡೇ ಬಂತು. ಮೊದಲಿನಷ್ಟು ಜೋರಾಗಿರಲಿಲ್ಲ ಅದು.

ಆ ವಾರವೇ ಗಾರೆಯವನು ಬಂದು ಟೈಲ್ಸ್ ಕೂರಿಸಿ ಹೋದ. ಅಟ್ಟದ ಹಸಿರನ್ನು ಗಂಡ ಮತ್ತೆ ಬಟ್ಟೆಯಲ್ಲಿ ಸುತ್ತಲು ಹೋದಾಗ ಇವಳೇ ತಡೆದು, ಅತ್ತೆಯ ಕೋಣೆಯ ಕಿಟಕಿಯ ಬಳಿ ಇರಿಸಿದಳು. ಬೆಳಿಗ್ಗೆ ಬಿಸಿಲು ಬಿದ್ದಾಗ ಅತ್ತೆ ಅದರ ಜೊತೆ ಏನೋ ಮಾತಾಡುವುದು ಕೇಳಿಸುತ್ತದೆ. ಇವಳು ಬಾಗಿಲು ತಟ್ಟದೆ ಒಳಗೆ ಹೋಗುವುದಿಲ್ಲ.