ಹನ್ನೊಂದು ಗಂಟೆಯ ಅಳು

ಸೀಳಿದ ಮೂಲಂಗಿಯನ್ನು ಬಿದಿರಿನ ಮೊರದಲ್ಲಿ ಮಗುಚಿ ಹಾಕುತ್ತಿದ್ದೆ. ಹನ್ನೊಂದರ ಗಂಟೆ ಬಾರಿಸಿತು. ಕೈ ಒರೆಸಿಕೊಂಡು ಎದ್ದೆ. ಅಳಲು ಹೋಗಬೇಕಿತ್ತು.

ಮೂಲಂಗಿಯೂ ಪ್ರವಾಸದ ಕಂಪನಿಯದೇ. ಊರು ನೋಡಲು ಬಂದವರು ಫೋಟೋ ತೆಗೆಯಲಿ ಅಂತ ಒಣಗಿಸುವುದು. ನಮ್ಮ ಮರದ ಮನೆಗಳನ್ನು ಕಾಪಾಡುತ್ತೇವೆಂದು ಹೇಳಿ ನಮ್ಮನ್ನು ಗುಡ್ಡದಾಚೆಯ ಸಿಮೆಂಟು ಮನೆಗಳಿಗೆ ಕಳಿಸಿದ್ದಾರೆ. ಬೆಳಿಗ್ಗೆ ನಮ್ಮ ಹಳೆ ಮನೆಗಳಿಗೇ ಕೂಲಿಗೆ ಬರುತ್ತೇವೆ.

ನಮ್ಮ ತೂಜಿಯಾ ಜನರಲ್ಲಿ ಮದುವೆಯ ಹಿಂದಿನ ದಿನ ಮನೆಯ ಹಿರಿಯಳು ಹಾಡಿ ಅಳಬೇಕು. ಮದುಮಗಳು ಅಳುತ್ತಲೇ ಉತ್ತರ ಕೊಡಬೇಕು. ಈಗ ಅದು ಬಂದವರ ಮುಂದೆ ದಿನಾ ಎರಡು ಆಟ.

“ಅಕ್ಕಾ, ಇವತ್ತು ಎಷ್ಟು ಕೊಡ ಅಳ್ತೀಯಾ?” ಅಂದಳು ಜೂಯಿಂಗ್. ಆಟದಲ್ಲಿ ಅವಳೇ ಮದುಮಗಳು. ಅವಳಿಗೆ ಮೊಮ್ಮಕ್ಕಳಿದ್ದಾರೆ.

“ಜನ ನೋಡ್ಕೊಂಡು ಹೇಳ್ತೀನಿ.”

ಆಟ ಮುಗಿದ ಮೇಲೆ ಮ್ಯಾನೇಜರ್ ತಾನ್ ಬಂದ.

“ಅಜ್ಜಿ, ನಾಳಿದ್ದು ನಿಮ್ಮ ಮೊಮ್ಮಗಳ ಮದುವೆಯಂತೆ. ನಾಳೆ ಅಳೋದನ್ನ ಇಲ್ಲೇ ಇಟ್ಕೊಳ್ಳಿ. ನಿಜವಾದ ಮದುಮಗಳು ಅಂದ್ರೆ ಜನ ಮುಗಿಬೀಳ್ತಾರೆ.”

“ಅದು ಮನೆ ವಿಷಯ ಕಣಪ್ಪ.”

“ಹಾಡು ಕಂಪನಿದು. ನೀವೇ ಕರಾರಿಗೆ ಹೆಬ್ಬೆಟ್ಟು ಒತ್ತಿದೀರಿ. ಬೇರೆ ಕಡೆ ಹಾಡೋಕೆ ಒಪ್ಪಿಗೆ ಬೇಕು.”

“ನಮ್ಮವ್ವ ಹೇಳ್ಕೊಟ್ಟ ಹಾಡಪ್ಪಾ ಅದು.”

“ಇರಬಹುದು. ಕಾಪಾಡ್ತಿರೋದು ಯಾರು?”

ಹೆಬ್ಬೆಟ್ಟು ಒತ್ತಿದಾಗ ನನಗೆ ಓದು ಬರುತ್ತಿರಲಿಲ್ಲ. ರಾತ್ರಿ ಶಾಲೆಗೆ ಹೋಗಿದ್ದು ಆಮೇಲೆ.

ಮರುದಿನ ಕೆಲಸಕ್ಕೆ ಹೋಗಲಿಲ್ಲ. ಹೆಂಗಸರೆಲ್ಲ ನಮ್ಮ ಮನೆಯಲ್ಲೇ ಕೂತೆವು. ಮೊಮ್ಮಗಳು ಲಿಯೆನ್‌ಯಿಂಗ್ ನನ್ನ ಮಂಡಿ ಹಿಡಿದು ಮುಖ ಎತ್ತಿದಳು. ಹಾಡಿದೆ. ಒಂದು ಮಾತೂ ತಪ್ಪಲಿಲ್ಲ. ಕಣ್ಣು ಮಾತ್ರ ಒಣಗಿತ್ತು. ಮೊದಲ ಚರಣ ಮುಗಿಸಿ ಸುಮ್ಮನಾದೆ. ಅವಳು ಕಾದಳು. ನಾನೂ ಕಾದೆ.

ಚಪ್ಪಾಳೆಗೆ ಕಾಯುತ್ತಿದ್ದೆ.

“ಅಜ್ಜೀ, ಇದು ಅಲ್ಲಿಯ ಅಳು. ನನಗೇ ಅಂತ ಏನೂ ಉಳಿದಿಲ್ವಾ?”

ಮಾರನೆಯ ದಿನ ಹುಡುಗಿ ಒಣಗಣ್ಣಲ್ಲೇ ಗಂಡನ ಮನೆಗೆ ಹೋದಳು. ನನಗೆ ದುಃಖವಾಗಲಿಲ್ಲ. ಏನೂ ಆಗಲಿಲ್ಲ.

ಅವಳು ಹೋದ ಮೇಲೆ ಜೂಯಿಂಗ್ ಕಾಗದ ತಂದು ಮುಂದಿಟ್ಟಳು. “ಸರ್ಕಾರದ ಮೇಲಿನವರಿಗೆ ಬರಿ ಅಂತ ಹೋದ ವರ್ಷದಿಂದ ಬಡ್ಕೊಳ್ತಿದೀವಿ. ನೋಡೋಣ ನೋಡೋಣ ಅಂತೀಯಾ. ಇನ್ನೇನು ನೋಡ್ತೀಯಾ?”

ಬರೆದೆ. “ಹಾಡು ನಮ್ಮದು. ಓದಲು ಬಾರದವರಿಂದ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ನಾವು ಒಪ್ಪುವುದಿಲ್ಲ. ನಾವಿನ್ನು ಕೂಲಿಗೆ ಅಳುವುದಿಲ್ಲ.” ಓದಿ ಹೇಳಿದೆ. ಅಳುವ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹೆಸರು ಹಾಕಿದರು. ಬರೆಯಲು ಬಾರದವರ ಕೈ ಹಿಡಿದು ಬರೆಸಿದೆ.

ಅಂಚೆ ಕಚೇರಿಗೆ ಎಲ್ಲರೂ ಹೋದೆವು.

“ಒಂದು ಕಾಗದಕ್ಕೆ ಇಷ್ಟು ಜನಾನಾ?” ಅಂದ ಗುಮಾಸ್ತ.

“ಭಾರ ಇದೆ ಕಣಪ್ಪ,” ಅಂದಳು ಜೂಯಿಂಗ್.

ಅವನು ಮುದ್ರೆ ಒತ್ತಿ ಕಾಗದವನ್ನು ಚೀಲಕ್ಕೆ ಹಾಕಿದ.